ಸ್ನಾಯುಪಾಠದ ಸರದಿ

ಹದಿನಾಲ್ಕನೆಯ ಶತಮಾನದ ಬೊಲೋನ್ಯದಲ್ಲಿ ಶವಛೇದನ ಪಾಠದ ಕ್ರಮವನ್ನು ನಿರ್ಧರಿಸುತ್ತಿದ್ದುದು ಕೊಳೆಯುವಿಕೆ. ಅಲ್ಲಿನ ಅಧ್ಯಾಪಕ ಮೊಂಡಿನೊ 1316ರಲ್ಲಿ ಬರೆದ ಕೈಪಿಡಿ ಬೇಗ ಕೆಡುವ ಹೊಟ್ಟೆಯಿಂದ ಶುರುವಾಗಿ, ಎದೆ ಮತ್ತು ತಲೆಯನ್ನು ದಾಟಿ, ಕೈಕಾಲುಗಳಲ್ಲಿ ಮುಗಿಯುತ್ತದೆ. ಸ್ನಾಯುಗಳನ್ನು ಚೆನ್ನಾಗಿ ಬಿಡಿಸಿ ತೋರಿಸಬಹುದಾದದ್ದು ಕೈಕಾಲುಗಳಲ್ಲೇ. ಅವುಗಳ ಸರದಿ ಬರುವ ಹೊತ್ತಿಗೆ ಶವ ಕೆಟ್ಟಿರುತ್ತಿತ್ತು. ನೋಡುವವರ ತಾಳ್ಮೆಯೂ ಮುಗಿದಿರುತ್ತಿತ್ತೇನೋ.

ಇದಕ್ಕಿಂತ ಎಷ್ಟೋ ಹಳೆಯದಾದ ಸುಶ್ರುತ ಸಂಹಿತೆ ಕೊಳೆಯುವಿಕೆಯನ್ನೇ ಉಪಕರಣ ಮಾಡಿಕೊಂಡಿತ್ತು. ಶವಕ್ಕೆ ಹುಲ್ಲು, ನಾರು ಸುತ್ತಿ, ಪಂಜರದಲ್ಲಿಟ್ಟು ನೀರಿನಲ್ಲಿ ಮುಳುಗಿಸಬೇಕು. ಏಳು ರಾತ್ರಿಗಳ ಬಳಿಕ ಹೊರತೆಗೆದು ಕುಂಚದಿಂದ ಮೆಲ್ಲನೆ ಉಜ್ಜುತ್ತ ಚರ್ಮದಿಂದ ಒಳಕ್ಕೆ ಪದರ ಪದರವಾಗಿ ನೋಡಬೇಕು. ಪೇಶಿಗಳು, ಅಂದರೆ ಸ್ನಾಯುಗಳು, 500 ಎಂಬುದು ಅದರ ಲೆಕ್ಕ: ಕೈಕಾಲುಗಳಲ್ಲಿ 400, ಮುಂಡದಲ್ಲಿ 66, ಕುತ್ತಿಗೆಯಿಂದ ಮೇಲೆ 34.

ಗ್ರೀಕ್ ವೈದ್ಯ ಗ್ಯಾಲೆನ್ ಮಂಗಗಳನ್ನು ಕೊಯ್ದು ಕಲಿತವನು. ಛೇದನ ಕುರಿತ ಅವನ ಗ್ರಂಥ ತೋಳಿನ ಸ್ನಾಯುಗಳಿಂದಲೇ ಆರಂಭವಾಗುತ್ತದೆ. ಅದು ಲ್ಯಾಟಿನ್ನಿನಲ್ಲಿ ಅಚ್ಚಾದದ್ದು 1531ರಲ್ಲಿ. ಹನ್ನೆರಡು ವರ್ಷ ಕಳೆದು, ಪಾದುವದ ಅಧ್ಯಾಪಕ ವೆಸಾಲಿಯಸ್ ಬಾಸೆಲ್‌ನಲ್ಲಿ ಅಚ್ಚು ಹಾಕಿಸಿದ ‘ಫ್ಯಾಬ್ರಿಕಾ’ ಸ್ನಾಯುಗಳಿಗೆ ಮೂಳೆಗಳ ಬೆನ್ನಲ್ಲೇ ಎರಡನೆಯ ಸ್ಥಾನ ಕೊಟ್ಟಿತು. ಅದರ ಚಿತ್ರಗಳಲ್ಲಿ ಚರ್ಮ ಸುಲಿದ ಆಳು ಬಯಲಲ್ಲಿ ನೆಟ್ಟಗೆ ನಿಂತಿದ್ದಾನೆ. ಪುಟ ತಿರುವಿದಂತೆ ಒಂದೊಂದೇ ಪದರ ಕಳಚಿ ಜೋತು ಬೀಳುತ್ತದೆ. ಕೊನೆಗೆ ನಿಲ್ಲುವ ಬಲವೂ ಉಳಿಯದೆ ಹಗ್ಗದಿಂದ ತೂಗಬೇಕಾಗುತ್ತದೆ. ಒಂದು ಚಿತ್ರದಲ್ಲಂತೂ ಹೊಟ್ಟೆಯ ನೇರ ಸ್ನಾಯು ಮನುಷ್ಯನಲ್ಲಿರದಷ್ಟು ಎತ್ತರಕ್ಕೆ, ಪ್ರಾಣಿಗಳಲ್ಲಿರುವಂತೆ, ಏರಿದೆ. ಗ್ಯಾಲೆನ್ ಹೇಳಿದ್ದು ಯಾವುದರ ದೇಹ ಎಂದು ವಿದ್ಯಾರ್ಥಿಗೆ ತೋರಿಸಲು ವೆಸಾಲಿಯಸ್ ಬೇಕೆಂದೇ ಬರೆಸಿದ್ದು ಅದು. ಪೀಠದ ಮೇಲೆ ಕೂತು ಪುಸ್ತಕ ಓದುತ್ತ ಕೊಯ್ಯುವ ಕೆಲಸವನ್ನು ಬೇರೆಯವರಿಗೆ ಬಿಡುವ ರೂಢಿಯನ್ನು ಮುರಿದು, ತಾನೇ ಕತ್ತಿ ಹಿಡಿದವನು ಆತ.

ಭಾರತದಲ್ಲಿ ಪಾಶ್ಚಾತ್ಯ ಪದ್ಧತಿಯ ಛೇದನಪಾಠ ಶುರುವಾದದ್ದು 1835ರಲ್ಲಿ ಸ್ಥಾಪನೆಯಾದ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ. ಮರುವರ್ಷ ಅಲ್ಲಿ ಶವ ಕೊಯ್ದ ಮಧುಸೂದನ ಗುಪ್ತರು ಆಯುರ್ವೇದ ಪಂಡಿತರು. ಸುಶ್ರುತ ಸಂಹಿತೆಯನ್ನು ಅಚ್ಚಿಗೆ ಸಿದ್ಧಪಡಿಸಿದವರೂ ಅವರೇ. ಶವ ಮುಟ್ಟಿದರೆ ಜಾತಿ ಕೆಡುತ್ತದೆಂಬ ಭಯವಿದ್ದ ಕಾಲದಲ್ಲಿ ಆ ಕೆಲಸಕ್ಕೆ ಶಾಸ್ತ್ರ ಬಲ್ಲವರೇ ಮುಂದಾದದ್ದು ಸಣ್ಣ ಸಂಗತಿಯಲ್ಲ.

ಫಾರ್ಮಾಲ್ಡಿಹೈಡ್ ಅಂಗಾಂಶವನ್ನು ಗಟ್ಟಿಗೊಳಿಸುತ್ತದೆಂದು ಜರ್ಮನಿಯ ಫರ್ಡಿನಾಂಡ್ ಬ್ಲೂಮ್ 1893ರಲ್ಲಿ ತಿಳಿಸಿದ. ಅದು ಬಳಕೆಗೆ ಬಂದ ಮೇಲೆ ಒಂದೇ ಶವದ ಮೇಲೆ ತಿಂಗಳುಗಟ್ಟಲೆ ಕೆಲಸ ಮಾಡುವುದು ಸುಲಭವಾಯಿತು. ಮೊಂಡಿನೊನ ಅವಸರಕ್ಕೆ ಕಾರಣ ಉಳಿಯಲಿಲ್ಲ. ಕನಿಂಗ್‌ಹ್ಯಾಮ್‌ನ ಛೇದನ ಕೈಪಿಡಿಯಾಗಲಿ, ಭಾರತದ ವಿದ್ಯಾರ್ಥಿಗಳ ಕೈಯಲ್ಲಿರುವ ಚೌರಾಸಿಯಾ ಪುಸ್ತಕವಾಗಲಿ ತೋಳನ್ನು ಮೊದಲ ಸಂಪುಟದಲ್ಲೇ ಇಟ್ಟಿವೆ. ಎದೆಯ ಚರ್ಮ ಬಿಡಿಸಿದೊಡನೆ ಎದುರಾಗುವ ಪೆಕ್ಟೊರಾಲಿಸ್ ಮೇಜರ್ ಹೊಸ ವಿದ್ಯಾರ್ಥಿ ನೋಡುವ ಮೊದಲ ದೊಡ್ಡ ಸ್ನಾಯು. ಅದು ಹುಟ್ಟುವ ಜಾಗ, ಸೇರುವ ಜಾಗ, ನರ, ಕೆಲಸ, ಈ ನಾಲ್ಕನ್ನೂ ಒಪ್ಪಿಸಿದ ಮೇಲೆ ಅದನ್ನು ಕತ್ತರಿಸಿ ಮಗುಚಿದರೆ ಕೆಳಗೆ ಪೆಕ್ಟೊರಾಲಿಸ್ ಮೈನರ್ ಸಿಗುತ್ತದೆ.