ಬ್ರಾಹ್ಮ್ಸ್‌ನಿಂದ ಮತ್ತೆ ಬರೆಸಿದ ಕ್ಲಾರಿನೆಟ್

ಮುಂಬೈಗೆ ಬಂದು ಮೂವತ್ತು ವರ್ಷವಾದರೂ ಕ್ಲಾರಿನೆಟ್ ಅಂದರೆ ನನಗೆ ಮದುವೆ ಮೆರವಣಿಗೆಯ ಬ್ಯಾಂಡೇ ನೆನಪಾಗುವುದು! ಜರ್ಮನಿಯ ರಿಚರ್ಡ್ ಮ್ಯೂಲ್‌ಫೆಲ್ಡ್ (1856-1907) ಕಥೆಯೇ ಬೇರೆ. ಮೈನಿಂಗೆನ್ ಆಸ್ಥಾನದ ವಾದ್ಯವೃಂದಕ್ಕೆ ಆತ ಸೇರಿದ್ದು ಪಿಟೀಲು ನುಡಿಸಲು. ಕ್ಲಾರಿನೆಟ್ ಆಮೇಲೆ ಕೈ ಹಿಡಿದದ್ದು.

ದೊಡ್ಡ ವೃಂದದಲ್ಲಿ ಊದುವವರ ಪಾಡು ನೋಡಿ, ಪಿಟೀಲಿನವರು ಬಿಡುವಿಲ್ಲದೆ ನುಡಿಸುತ್ತಿದ್ದರೆ ಇವರು ಲೆಕ್ಕ ಎಣಿಸುತ್ತ ಸರದಿ ಕಾಯಬೇಕು. ನಾಲ್ಕೈದು ಜನ ಸೇರುವ ಚೇಂಬರ್ ಸಂಗೀತದಲ್ಲಿ ಹಾಗಲ್ಲ. ಆದರೆ ಅದಕ್ಕೆ ಯಾರಾದರೂ ಬರೆದುಕೊಡಬೇಕಲ್ಲ?

1890ರಲ್ಲಿ ‘ಇನ್ನು ಸಾಕು’ ಎಂದುಕೊಂಡಿದ್ದ ಬ್ರಾಹ್ಮ್ಸ್, 1891ರ ಮಾರ್ಚಿನಲ್ಲಿ ಈತನ ವಾದನ ಕೇಳಿದ. ಆ ಬೇಸಿಗೆಯಲ್ಲೇ ಒಂದು ಟ್ರಯೊ, ಒಂದು ಕ್ವಿಂಟೆಟ್. 1894ರಲ್ಲಿ ಎರಡು ಸೊನಾಟಾ. ಪ್ರೀತಿಯಿಂದ ‘ಕುಮಾರಿ ಕ್ಲಾರಿನೆಟ್’ ಅಂತ ಕರೆಯುತ್ತಿದ್ದನಂತೆ, ಮೀಸೆ ಹೊತ್ತ ಗಂಡಸನ್ನು! 1892ರಲ್ಲಿ ಲಂಡನ್ನಿನವರೂ ಮ್ಯೂಲ್‌ಫೆಲ್ಡ್‌ನನ್ನು ಕರೆಸಿಕೊಂಡು ಆ ಕ್ವಿಂಟೆಟ್ ಕೇಳಿದರು.