ಕುಕ್ಕರಹಳ್ಳಿಯ ಕೆರೆ

ಮೈಸೂರಿನಲ್ಲಿ ಸಂಜೆ ಗಾಳಿಸೇವನೆಗೆ ಹೊರಟವರನ್ನು ಕುಕ್ಕರಹಳ್ಳಿಯ ಕೆರೆಯು ತನ್ನೆಡೆಗೆ ಸೆಳೆಯದೆ ಬಿಡದು. ಏರಿಯ ಮೇಲೆ ನಡೆಯುತ್ತ, ನೀರನ್ನೂ ಹೆಜ್ಜಾರ್ಲೆಗಳನ್ನೂ ನೋಡಿ ಸಂತೋಷಪಡುವ ನಾವು, ಕಾಲ ಕೆಳಗಿನ ಆ ಮಣ್ಣಿನ ಏರಿಯ ಚರಿತ್ರೆಯನ್ನು ವಿಚಾರಿಸುವುದು ಅಪೂರ್ವ.

ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಈ ಕೆರೆಯನ್ನು ಕಟ್ಟಿಸಿದುದು ವಿಹಾರಕ್ಕಾಗಿ ಅಲ್ಲ. ಊರ ಹೊರಗಣ ಭೂಮಿಗಳಿಗೆ ನೀರುಣಿಸುವುದಕ್ಕಾಗಿ. ಕೆರೆಗೆ ನೀರು ತಂದುದು ಪೂರ್ಣಯ್ಯನವರ ನಾಲೆ. ದಿವಾನ್ ಪೂರ್ಣಯ್ಯನವರು ಕಾವೇರಿಯನ್ನೇ ಮೈಸೂರಿಗೆ ತರಬೇಕೆಂದು ಅಗೆಯಿಸಿದ ಆ ನಾಲೆಯಲ್ಲಿ ಕಾವೇರಿಯು ಹರಿದು ಬರಲಿಲ್ಲ. ಮಳೆಯ ನೀರು ಹರಿಯಿತು. ಹೀಗೆ ಒಬ್ಬರ ಕೈಗೂಡದ ಯತ್ನವು ಮತ್ತೊಬ್ಬರ ಕೆರೆಗೆ ಜೀವಾಳವಾಯಿತು.

ಕಾಲಕ್ರಮದಲ್ಲಿ ಗದ್ದೆಗಳಿದ್ದೆಡೆ ಬಡಾವಣೆಗಳೆದ್ದವು, ಕೆರೆಯು ವಿಹಾರಸ್ಥಾನವಾಯಿತು. ಕುವೆಂಪು ಅವರ ಸಂಚಾರಕ್ಕೂ ಕವಿತೆಗೂ ಅದು ಆಶ್ರಯವಿತ್ತಿತು. 1960ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯು ಅದರ ನೆರೆಯಲ್ಲಿಯೇ ನೆಲಸಿತು. ಆದರೆ ಬೆಳೆದ ನಗರವು ನಾಲೆಯನ್ನು ಅಲ್ಲಲ್ಲಿ ಒತ್ತಿ ನುಂಗಿತು. ಮಳೆಯ ನೀರು ಬರುವುದು ಕುಗ್ಗಿತು. ಮನೆಗಳ ಕೊಳಚೆಯು ಕೆರೆಯನ್ನು ಹೊಕ್ಕಿತು.

ನಮ್ಮ ಪೂರ್ವಿಕರು ಕೆರೆಯೊಂದನ್ನು ಕಟ್ಟಿದರೆ ಏರಿ, ತೂಬು, ಕೋಡಿಗಳೊಡನೆ ನೀರು ಬರುವ ಕಾಲುವೆಯನ್ನೂ ಕಾಯುತ್ತಿದ್ದರು. ಏರಿಯು ಬಂದ ನೀರನ್ನು ನಿಲ್ಲಿಸಬಲ್ಲದೇ ಹೊರತು, ಬಾರದ ನೀರನ್ನು ಕರೆತರಲಾರದು. ಏರಿಗೆ ಹಾದಿಯನ್ನೂ ಆಸನಗಳನ್ನೂ ಮಾಡಿ ನಾಲೆಯನ್ನು ಮರೆತೆವಾದರೆ, ಮುಂದಿನವರಿಗೆ ನಾವು ಬಿಟ್ಟುಹೋಗುವುದು ಕೆರೆಯನ್ನಲ್ಲ, ಒಂದು ಅಂದವಾದ ದಂಡೆಯನ್ನು ಮಾತ್ರ. ಸಂಜೆಯ ವಿಹಾರದ ನಡುವೆ ಒಂದು ದಿನವಾದರೂ ನಾವು ಆ ನಾಲೆಯ ಜಾಡನ್ನು ಹಿಡಿದು ನಡೆದು ನೋಡುವುದು ಒಳ್ಳೆಯದು.