ಕತ್ತೆಶಾಪದ ಕಲ್ಲು

ಈಚೆಗೆ ಡೊಂಬಿವಲಿಯ ನಮ್ಮ ಕೇಳುಗರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಹಾಲ್‌ನಲ್ಲಿ ಅವರ ಮಗ ಕಾಲೇಜಿನ ಗೆಳೆಯರ ಜೊತೆ ಕೂತು ದಾಳ ಉರುಳಿಸುತ್ತಿದ್ದ. ಪಗಡೆಯೇನೋ ಅಂದುಕೊಂಡೆ. ಅಲ್ಲವಂತೆ, ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್.’ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಅಮೆರಿಕದಲ್ಲಿ ಹೊರತಂದ ಆಟ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಪಾತ್ರಗಳಾಗುತ್ತಾರೆ. ಗುಹೆಯಲ್ಲಿ ಒಂದು ಮಾಯದ ಕತ್ತಿ ಸಿಕ್ಕಿತು ಅನ್ನಿ. ಅದರ ಗುಣವೇನೆಂದು ತಿಳಿಯಲು ‘ಐಡೆಂಟಿಫೈ’ ಎಂಬ ಮಂತ್ರ ಹಾಕಬೇಕು. ಅದಕ್ಕೆ 100 ಚಿನ್ನದ ನಾಣ್ಯ ಬೆಲೆಯ ಮುತ್ತು ಬೇಕು. ಇಷ್ಟಾದರೂ ಕತ್ತಿಗಂಟಿದ ಶಾಪ ಸಾಮಾನ್ಯವಾಗಿ ಆ ಮಂತ್ರಕ್ಕೂ ಕಾಣುವುದಿಲ್ಲ, ಕೈಗೆ ಅಂಟಿಕೊಂಡ ಮೇಲೆಯೇ ಗೊತ್ತಾಗುವುದು. ಬಿಡಿಸಿಕೊಳ್ಳಲು ‘ರಿಮೂವ್ ಕರ್ಸ್’ ಎಂಬ ಇನ್ನೊಂದು ಮಂತ್ರ.

“ನಿಜವಾಗಿ ಇಂಥ ಶಾಪದ ವಸ್ತು ಎಲ್ಲಾದರೂ ಇದೆಯಾ ಅಕ್ಕಾ?” ಎಂದು ಹುಡುಗ ಕೇಳಿದ.

“ಇದೆಯಪ್ಪಾ, ನಿನ್ನದೇ ಠಾಣೆ ಜಿಲ್ಲೆಯಲ್ಲಿ” ಎಂದೆ.

ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರು ನಮಗೆ ತೀರ ಹೊರಗಿನವರಲ್ಲ. ಮೊದಲು ಅವರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಕವಿರಾಜಮಾರ್ಗದ ಕಾಲದ ದೊರೆ ಅಮೋಘವರ್ಷನ ಹೆಸರು ಅವರ ಹೆಸರುಗಳ ಜೊತೆಗೇ ಕಾನ್ಹೇರಿ ಗುಹೆಗಳ ಶಾಸನಗಳಲ್ಲಿದೆ. ಕಲ್ಯಾಣದ ಪಕ್ಕದ ಅಂಬರನಾಥ ದೇವಾಲಯ, ಕ್ರಿ.ಶ. 1060ರದು, ಇವರದೇ ಕಾಲದ್ದು. ದೇವರಿಗೋ ವಿದ್ವಾಂಸರಿಗೋ ಭೂಮಿ ಬಿಟ್ಟಾಗ ಅವರು ಕಲ್ಲು ನೆಡಿಸುತ್ತಿದ್ದರು. ಮೇಲೆ ಸೂರ್ಯ ಚಂದ್ರ, ಅಂದರೆ ಅವರಿರುವ ತನಕ ಈ ದಾನ ನಡೆಯಲಿ ಎಂದು. ನಡುವೆ ಬರಹ. ಕೆಳಗೆ ಒಂದು ಹೆಂಗಸು, ಅವಳ ಮೇಲೆ ಕತ್ತೆ. ದಾನಕ್ಕೆ ಅಡ್ಡ ಬಂದವನ ತಾಯಿಗೆ ಈ ಗತಿ ಎಂಬ ಶಾಪ. ಮರಾಠಿಯಲ್ಲಿ ಇದಕ್ಕೆ ‘ಗದ್ಧೇಗಳ’ ಎನ್ನುತ್ತಾರೆ.

ಒಮ್ಮೆ ನಮ್ಮ ಕಾರ್ಯಕ್ರಮಕ್ಕೆ ಈ ವಿಷಯ ಬರೆದುಕೊಂಡು ಮೈಕಿನ ಮುಂದೆ ಕೂತಿದ್ದೆ. ಆ ಸಾಲು ಬಂದಾಗ ನಾಲಗೆ ಏಳಲಿಲ್ಲ. “ಒಂದು ಕಠಿಣ ಶಾಪವಿದೆ” ಎಂದು ಹೇಳಿ ಹಾಡು ಹಾಕಿಬಿಟ್ಟೆ. ಆಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಹೊಲ ಕಬಳಿಸುವವನು ಗಂಡಸು, ಶಾಪ ಹೊರುವವಳು ಅವನ ತಾಯಿ. ಅದನ್ನು ಮುಚ್ಚಿಟ್ಟರೆ ಆ ಕಾಲದವರಿಗೆ ಒಳ್ಳೆಯ ಹೆಸರು ಕೊಟ್ಟಂತಾಯಿತು, ಅಷ್ಟೆ.

ಮುಂಬಯಿಯ ಪರಳದಲ್ಲಿ ಸಿಕ್ಕ 1187ರ ಕಲ್ಲನ್ನೇ ನೋಡಿ. ಎರಡನೆಯ ಅಪರಾದಿತ್ಯನ ಕಾಲದ್ದು, ವೈದ್ಯನಾಥ ದೇವರಿಗೆ ಕೊಟ್ಟ ದತ್ತಿ. ದಾನದ ವಿವರವೆಲ್ಲ ಸಂಸ್ಕೃತದಲ್ಲಿದೆ, ಕೊನೆಯ ಬೈಗುಳ ಮಾತ್ರ ಮರಾಠಿಯಲ್ಲಿ! ದಾನ ಪಂಡಿತರಿಗೆ ಅರ್ಥವಾದರೆ ಸಾಕು, ಶಾಪ ಎಲ್ಲರಿಗೂ ಅರ್ಥವಾಗಬೇಕಲ್ಲ. ಓದು ಬಾರದವನಿಗೆ ಚಿತ್ರ ಇದ್ದೇ ಇದೆ. ಹುಡುಗನ ಆಟಕ್ಕೂ ಇದಕ್ಕೂ ಇಲ್ಲೇ ವ್ಯತ್ಯಾಸ. ಅಲ್ಲಿ ಕತ್ತಿಯ ಹೊಳಪು ಕಣ್ಣಿಗೆ ಬೀಳುತ್ತದೆ, ಶಾಪ ಅಡಗಿರುತ್ತದೆ. ಇಲ್ಲಿ ಶಾಪ ಎದುರಿಗೇ ನಿಂತಿರುತ್ತದೆ, ಅಕ್ಷರ ಸವೆದಂತೆ ಮರೆಯಾಗುವುದು ದಾನ.

ಹಾಗೆ ದಾನದ ನೆನಪು ಹೋದ ಮೇಲೆ ಜನ ತಮಗೆ ತೋಚಿದಂತೆ ಕಲ್ಲನ್ನು ಗುರುತಿಸಿದರು. ಕೆಲವು ಕಡೆ ಸಿಂಧೂರ ಬಳಿದು ದೇವರೆಂದು ಪೂಜಿಸಿದರು. ಕೆಲವು ಕಡೆ ಅಪಶಕುನವೆಂದು ಒಡೆದುಹಾಕಿದರು. ಅಲಿಬಾಗ ಬಳಿಯ ಆಕ್ಷಿ ಗ್ರಾಮದ ಕಲ್ಲು ಬಹುಕಾಲ ರಸ್ತೆಬದಿಯಲ್ಲಿ ಬಿಸಿಲು ಮಳೆಗೆ ನಿಂತಿತ್ತು. ಓದಿ ನೋಡಿದರೆ ಶಕ 934, ಅಂದರೆ ಕ್ರಿ.ಶ. 1012! ಇಂದು ಅದನ್ನು ಅತಿ ಹಳೆಯ ಮರಾಠಿ ಶಾಸನಗಳ ಸಾಲಿನಲ್ಲಿ ಮೊದಲಿಗೆ ಇಡುತ್ತಾರೆ. ಅದಕ್ಕೂ ಮುಂಚೆ ಆ ಗೌರವ ಇದ್ದದ್ದು ನಮ್ಮ ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯ ಮರಾಠಿ ಸಾಲಿಗೆ. ಅಲ್ಲಿಂದ ಅದನ್ನು ಕಸಿದುಕೊಂಡದ್ದು ಒಂದು ಕತ್ತೆಶಾಪದ ಕಲ್ಲು ಎಂಬುದು ನನಗೆ ತುಸು ತಮಾಷೆಯಾಗಿ ಕಾಣುತ್ತದೆ.

ನಮ್ಮ ಕಡೆಯೂ ಶಾಪಕ್ಕೆ ಬರವಿಲ್ಲ. ಶಾಸನ ಓದುವವರು ಇದನ್ನು ‘ಶಾಪಾಶಯ’ ಎನ್ನುತ್ತಾರೆ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲೇ ದಾನ ಅಳಿದವನಿಗೆ ಮಹಾಪಾತಕ ಎಂಬ ಎಚ್ಚರಿಕೆ ಇದೆ. ಮುಂದೆ ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪ ಬರುತ್ತದೆ ಎಂಬ ಮಾತು ಶಾಸನದಿಂದ ಶಾಸನಕ್ಕೆ ಓಡಾಡಿತು. ನಮ್ಮ ಹಳ್ಳಿಗಳಲ್ಲಿ ಇಂಥ ಕಲ್ಲು ಕಂಡರೆ ಅಡಿಯಲ್ಲಿ ನಿಧಿ ಇದೆ ಎಂದು ರಾತ್ರೋರಾತ್ರಿ ಅಗೆಯುವವರಿದ್ದಾರೆ. ಸಿಗುವುದು ಮಣ್ಣು. ಒಡೆದುಹೋಗುವುದು ಯಾವ ಕೆರೆಗೆ ಯಾರು ಗದ್ದೆ ಬಿಟ್ಟರು ಎಂಬ ಲೆಕ್ಕ.

ಗುರುತಿಸುವ ಮಂತ್ರಕ್ಕೆ ಮುತ್ತೇನೂ ಬೇಡ. ಕಲ್ಲನ್ನು ನೀರಿನಿಂದ ಮೆಲ್ಲಗೆ ತೊಳೆದು, ಒದ್ದೆ ಕಾಗದ ಹಚ್ಚಿ, ಕುಂಚದಿಂದ ತಟ್ಟಿ ಅಕ್ಷರದ ತಗ್ಗಿಗೆ ಕೂರಿಸಿ, ಮೇಲೆ ಮಸಿ ಒತ್ತಿದರೆ ಬರಹ ಬೆಳ್ಳಗೆ ಮೂಡುತ್ತದೆ. ಆ ಕೆಲಸ ತಿಳಿದವರದು. ನಾವು ಮಾಡಬಹುದಾದದ್ದು ಟಾರ್ಚ್ ಹಿಡಿಯುವುದು. ಎದುರಿನಿಂದ ಬಿಟ್ಟರೆ ಏನೂ ಕಾಣದು. ಪಕ್ಕದಿಂದ ಓರೆಯಾಗಿ ಬಿಡಿ, ನೆರಳಿನಲ್ಲಿ ಅಕ್ಷರ ಏಳುತ್ತದೆ. ಆಸಿಡ್, ತಂತಿಬ್ರಷ್, ಎಣ್ಣೆಬಣ್ಣ ಮಾತ್ರ ಖಂಡಿತ ಬೇಡ. ಫೋಟೋ ತೆಗೆದು ಪುರಾತತ್ತ್ವ ಇಲಾಖೆಗೆ ತಿಳಿಸಿ.

ಹುಡುಗ ಇದನ್ನೆಲ್ಲ ಕೇಳಿ ಮುಗಿಸಿ, “ಹಾಗಾದರೆ ರಿಮೂವ್ ಕರ್ಸ್?” ಎಂದ. ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅವನ ತಾಯಿ, “ನಮ್ಮ ಊರಲ್ಲಿ ಕೆರೆ ಏರಿ ಮೇಲೆ ಒಂದು ಬರಹದ ಕಲ್ಲಿದೆ, ಅದರ ಮೇಲೆ ಬಟ್ಟೆ ಒಗೀತಿದ್ವಿ” ಎಂದರು. ಸೂರ್ಯ ಚಂದ್ರ ಇದ್ದವೇ ಎಂದು ಕೇಳಿದೆ. ಅವರು ಕೈ ಒರೆಸಿಕೊಂಡು ಹೊರಗೆ ಬಂದು, ಊರಿನಲ್ಲಿರುವ ತಮ್ಮನಿಗೆ ಫೋನ್ ಹಚ್ಚಿದರು.